ಹಳಸಿದ ಪುಟ

ನಮ್ಮ ಯಜಮಾನರು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದ ವರ್ಷ ಕಗ್ಗದಾಸಪುರದ ನಮ್ಮ ಮನೆಯ ಮುಂದಿನ ಕೋಣೆಯಿಂದ ಸೋಫಾ ಆಚೆಗೆ ಹೋಯಿತು, ಕಂಪ್ಯೂಟರುಗಳು ಒಳಗೆ ಬಂದವು. ಬಡಗಿ ಪ್ಲೈವುಡ್ಡಿನಲ್ಲಿ ಸಣ್ಣ ಸಣ್ಣ ಗೂಡುಗಳನ್ನು ಮಾಡಿಕೊಟ್ಟ. ನಾನು ಹಳೆಯ ಕರ್ಟನ್ ಕತ್ತರಿಸಿ ಅವಕ್ಕೆ ಪರದೆ ಹೊಲಿದೆ. ಗೇಟಿನ ಮೇಲೆ ‘ಬ್ರೌಸಿಂಗ್ ಸೆಂಟರ್’ ಎಂದು ಬೋರ್ಡು ಬಿತ್ತು. ಹಲಸೂರಿನಲ್ಲಿ ಹುಟ್ಟಿ ದಂಡು ಪ್ರದೇಶದ ಕಾನ್ವೆಂಟಿನಲ್ಲಿ ಓದಿದ ನನಗೆ, ಊರಿನ ಅಂಚಿನ ಈ ಬಡಾವಣೆಯಲ್ಲಿ ಅಷ್ಟು ವರ್ಷ ಮಾತಾಡಲು ಸಿಗುತ್ತಿದ್ದವರು ತರಕಾರಿಯವಳು ಮತ್ತು ಹಾಲಿನವನು. ಈಗ ಇದ್ದಕ್ಕಿದ್ದ ಹಾಗೆ ಮನೆಯ ತುಂಬ ಚಪ್ಪಲಿಗಳು. ಯಾರ ಚಪ್ಪಲಿ ಒಳಗೆ ಎಷ್ಟು ಹೊತ್ತು ಕೂತಿದೆ ಎಂದು ಅಡುಗೆಮನೆಯ ಬಾಗಿಲಿನಿಂದಲೇ ಹೇಳಿಬಿಡುತ್ತಿದ್ದೆ.

ಯಜಮಾನರು ಕಾರ್ಖಾನೆ ಬಿಟ್ಟಿದ್ದರೂ ಕಾರ್ಖಾನೆ ಅವರನ್ನು ಬಿಟ್ಟಿರಲಿಲ್ಲ. ಬಾಗಿಲು ತೆಗೆಯುವುದಕ್ಕೆ ಮುಂಚೆ ಖಾಕಿ ಪ್ಯಾಂಟು ಹಾಕಿಕೊಂಡು ಒಂದೊಂದೇ ಕಂಪ್ಯೂಟರ್ ಮುಂದೆ ಕೂತು, ಗಿರಾಕಿಗಳು ದಿನಾ ಕೇಳುವ ಪುಟಗಳನ್ನೆಲ್ಲ ತಾವೇ ಒಮ್ಮೆ ತೆರೆದು ನೋಡುತ್ತಿದ್ದರು. ಪತ್ರಿಕೆಯ ಪುಟ, ಕ್ರಿಕೆಟ್ ಸ್ಕೋರು, ರೈಲಿನ ವೇಳೆ, ಮದುವೆ ಸಂಬಂಧದ ಪುಟ. ಶಿಫ್ಟ್ ಶುರುವಾಗುವ ಹೊತ್ತಿಗೆ ಮಿಷನ್ ಬಿಸಿಯಾಗಿರಬೇಕು, ಆಪರೇಟರ್ ಬಂದ ಮೇಲೆ ಕಾಯಿಸುವುದಲ್ಲ ಎನ್ನುವುದು ಅವರ ಲೆಕ್ಕ. ನಾನು ಇಡ್ಲಿ ಪಾತ್ರೆಗೆ ನೀರು ಕುದಿಯಲು ಇಟ್ಟು ಆಮೇಲೆ ಹಿಟ್ಟು ಹುಯ್ಯುತ್ತೇನಲ್ಲ, ಹಾಗೆ ಅಂದುಕೊಂಡೆ. ಅದರಲ್ಲಿ ತಪ್ಪು ಹುಡುಕುವಂಥದ್ದು ನನಗೆ ಆಗ ಏನೂ ಕಾಣಲಿಲ್ಲ.

ಆಗ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಇದ್ದದ್ದು ಒಂದೇ ಲೈನು. ಎಲ್ಲ ಕಂಪ್ಯೂಟರುಗಳೂ ಅದನ್ನೇ ಹಂಚಿಕೊಳ್ಳಬೇಕು. ಒಬ್ಬರು ಫೋಟೋ ತೆರೆದರೆ ಉಳಿದವರೆಲ್ಲ ಖಾಲಿ ಪರದೆ ನೋಡುತ್ತ ಕೂರುತ್ತಿದ್ದರು. ಅದಕ್ಕೆ ಮಾರತ್ತಹಳ್ಳಿಯ ಕಂಪ್ಯೂಟರ್ ಅಂಗಡಿಯವರು ಬಂದು, ಯಜಮಾನರ ಮೇಜಿನ ಮೇಲಿದ್ದ ಮುಖ್ಯ ಕಂಪ್ಯೂಟರಿನಲ್ಲಿ ಪ್ರಾಕ್ಸಿ ಎಂಬುದನ್ನು ಕೂರಿಸಿಕೊಟ್ಟರು. ನಾನು ಕಾಫಿ ತಂದಿಟ್ಟಾಗ ಅವರು ಅದನ್ನೇ ವಿವರಿಸುತ್ತಿದ್ದರು, ನಾನೂ ನಿಂತು ಕೇಳಿದೆ. ಅದೊಬ್ಬ ನಡುವಿನವನು. ಯಾರಾದರೂ ಒಂದು ಪುಟ ಕೇಳಿದರೆ ಅವನು ಹೊರಗಿನಿಂದ ತಂದು ಕೊಡುತ್ತಾನೆ, ಜೊತೆಗೆ ಒಂದು ಪ್ರತಿ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ. ಮತ್ತೊಬ್ಬರು ಅದನ್ನೇ ಕೇಳಿದರೆ ಹೊರಗೆ ಹೋಗುವುದಿಲ್ಲ, ಇಟ್ಟುಕೊಂಡಿದ್ದನ್ನೇ ಕೊಡುತ್ತಾನೆ.

‘ಹಳಸಿಹೋದರೆ?’ ಎಂದು ನಾನು ಕೇಳಿದೆ. ಅಂಗಡಿಯವರು ನಕ್ಕರು. ಪ್ರತಿ ಪುಟಕ್ಕೂ ಹಾಲಿನ ಪ್ಯಾಕೆಟ್ಟಿನ ಹಾಗೆ ಒಂದು ಅವಧಿ ಇರುತ್ತದಂತೆ. ಅವಧಿ ಮುಗಿದರೂ ನಡುವಿನವನು ಅದನ್ನು ತಕ್ಷಣ ಎಸೆಯುವುದಿಲ್ಲ. ಯಾರಾದರೂ ಮತ್ತೆ ಕೇಳಿದಾಗ, ಅದು ಬಂದ ಮೂಲ ಜಾಗಕ್ಕೆ ಹೋಗಿ ‘ನಾನು ತೆಗೆದುಕೊಂಡು ಹೋದ ಮೇಲೆ ಇದೇನಾದರೂ ಬದಲಾಗಿದೆಯಾ’ ಎಂದು ಮಾತ್ರ ಕೇಳುತ್ತಾನೆ. ಇಲ್ಲ ಎಂದರೆ ಅದೇ ಪುಟಕ್ಕೆ ಹೊಸ ಅವಧಿ. ಹೌದು ಎಂದರೆ ಹೊಸ ಪುಟ ಹೊತ್ತು ತರುತ್ತಾನೆ. ನಮ್ಮಮ್ಮ ಹಾಲಿನ ಪಾತ್ರೆ ಮೂಸಿ ನೋಡಿ, ಕೆಟ್ಟಿಲ್ಲ ಎಂದರೆ ಇನ್ನೊಂದು ಕುದಿ ಬರಿಸಿ ಇಡುತ್ತಿದ್ದ ಹಾಗೆ. ಆದರೆ ಅವಧಿ ಮುಗಿಯುವ ತನಕ ಅವನು ಮೂಸುವುದೇ ಇಲ್ಲ. ಚೆನ್ನಾಗಿದೆ ಎಂದೇ ನಂಬಿ ಕೊಟ್ಟುಬಿಡುತ್ತಾನೆ.

ಯಜಮಾನರಿಗೆ ಈ ಏರ್ಪಾಟು ಬಹಳ ಹಿಡಿಸಿತು. ಅವಧಿಯನ್ನು ನಾವೇ ಹೆಚ್ಚಿಸಬಹುದಾ ಎಂದು ಕೇಳಿದರು. ಹೆಚ್ಚಿಸಬಹುದು ಸಾರ್, ಆದರೆ ನೋಡಿಕೊಂಡು ಮಾಡಿ ಎಂದರು ಅಂಗಡಿಯವರು. ಯಜಮಾನರು ಒಂದು ದಿನದ ಅವಧಿ ಎಂದು ಬರೆಸಿದರು. ಇನ್ನೊಂದು ತೊಂದರೆ ಇತ್ತು. ನಮ್ಮ ಗಿರಾಕಿಗಳಿಗೆ ರಿಫ್ರೆಶ್ ಗುಂಡಿಯ ಚಾಳಿ. ಬಸ್ ಬರಲಿಲ್ಲವೆಂದು ರಸ್ತೆಗೆ ಇಳಿದು ಇಳಿದು ನೋಡುವವರ ಹಾಗೆ ಅದನ್ನು ಒತ್ತುತ್ತಲೇ ಇರುತ್ತಿದ್ದರು, ಒತ್ತಿದಷ್ಟು ಸಲವೂ ಲೈನಿಗೆ ಭಾರ. ಆ ಗುಂಡಿ ಒತ್ತಿದರೂ ನಡುವಿನವನು ಕಿವಿಗೊಡಬಾರದು, ತನ್ನಲ್ಲಿರುವುದನ್ನೇ ಕೊಡಬೇಕು ಎಂದೂ ಮಾಡಿಸಿಕೊಂಡರು. ಮಾರನೆಯ ದಿನದಿಂದ ನಮ್ಮ ಸೆಂಟರಿನಷ್ಟು ವೇಗ ಸುತ್ತಮುತ್ತ ಎಲ್ಲೂ ಇಲ್ಲ ಎಂಬ ಹೆಸರು ಬಂತು.

ಆ ವರ್ಷವೇ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಒಂದು ಹುಡುಗಿ ಬರುತ್ತಿದ್ದಳು. ನಮ್ಮ ಹಿಂದಿನ ಬೀದಿಯ ವಠಾರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಕಲಬುರಗಿ ಕಡೆಯವರು. ತಾಯಿ ಇರಲಿಲ್ಲ. ತಂದೆ ಹೊಸ ಮನೆಗಳಿಗೆ ಶಹಾಬಾದ್ ಕಲ್ಲು ಹಾಸುವ ಕೆಲಸ ಮಾಡುತ್ತಿದ್ದ. ಬೆರಳುಗಳ ಸಂದಿಯಲ್ಲಿ ಸದಾ ಸಿಮೆಂಟಿನ ಬೂದಿ ಬಣ್ಣ. ಹುಡುಗಿ ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ. ನಾನು ಅವರೆಕಾಯಿ ಬಿಡಿಸುತ್ತ ಕೂತರೆ ಅವಳೂ ಎದುರಿಗೆ ಕೂತು ಬಿಡಿಸುತ್ತ ಪದ್ಯ ಒಪ್ಪಿಸುವಳು. ಇಂಗ್ಲಿಷ್ ಬೇಗ ಹತ್ತಿತು, ಲೆಕ್ಕ ಮಾತ್ರ ಹತ್ತಲಿಲ್ಲ. ಲೆಕ್ಕದ ಪರೀಕ್ಷೆಯ ದಿನ ಬಂದು ಲಂಗದ ಅಂಚಿನ ಬಿಟ್ಟುಹೋದ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಹೇಗಾಯಿತು ಎಂದು ನಾನು ಕೇಳಲಿಲ್ಲ.

ಪಾಸಾದರೆ ಕಾಲೇಜಿಗೆ ಸೇರಿಸುತ್ತೇನೆ ಎಂದು ತಂದೆ ಒಪ್ಪಿದ್ದ. ಆದರೆ ಊರಿನಲ್ಲಿರುವ ಅವನ ಅಕ್ಕ ತನ್ನ ಮಗನಿಗೆ ಹುಡುಗಿಯನ್ನು ಕೇಳಿದ್ದಳು. ಫೇಲಾದರೆ ಅಲ್ಲಿಗೆ ಕೊಡುವುದು ಎಂದೂ ಅವನು ಮಾತು ಕೊಟ್ಟಿದ್ದ. ಎರಡು ಮಾತನ್ನೂ ಉಳಿಸಿಕೊಳ್ಳುವವನೇ ಅವನು. ಊರ ಕಡೆಯಿಂದ ಕಲ್ಲು ತಂದು ಇಳಿಸಿದ ಲಾರಿಗಳು ಟಿನ್ ಫ್ಯಾಕ್ಟರಿಯ ಹತ್ತಿರ ನಿಲ್ಲುತ್ತವೆ. ಖಾಲಿ ಹೋಗುವಾಗ ತಮ್ಮ ಕಡೆಯ ಜನರನ್ನು ಹತ್ತಿಸಿಕೊಂಡು ಹೋಗುವುದು ಅವರಲ್ಲಿ ರೂಢಿ. ಫಲಿತಾಂಶದ ದಿನ ಊಟದ ಹೊತ್ತಿಗೆ ಅಂಥದ್ದೊಂದು ಲಾರಿ ಹೊರಡುವುದಿತ್ತು. ಬೆಳಿಗ್ಗೆಯೇ ಅವನು ಹುಡುಗಿಯ ಟ್ರಂಕನ್ನು ಅದರಲ್ಲಿ ಹಾಕಿ ಬಂದಿದ್ದ. ಪಾಸಾದರೆ ಇಳಿಸಿದರಾಯಿತು ಎಂದು.

ಹಿಂದಿನ ಸಂಜೆ ನಮ್ಮ ಬೀದಿಯ ಮಕ್ಕಳೆಲ್ಲ ಬಂದು ರಿಜಿಸ್ಟರ್ ನಂಬರು ಕೊಟ್ಟು ಹೋಗಿದ್ದರು. ಬೆಳಿಗ್ಗೆ ನೂಕುನುಗ್ಗಲಿನಲ್ಲಿ ಕಾಯುವುದು ಬೇಡವೆಂದು ಯಜಮಾನರೇ ಕೇಳಿ ಇಸಿದುಕೊಂಡಿದ್ದರು. ಮುಂಜಾನೆ ಎದ್ದವರೇ ಸ್ನಾನಕ್ಕೂ ಹೋಗದೆ ಫಲಿತಾಂಶದ ಪುಟ ತೆರೆದು ಅಷ್ಟೂ ನಂಬರು ಒಂದೊಂದಾಗಿ ಹೊಡೆದು ನೋಡಿದರು. ಫಲಿತಾಂಶ ಇನ್ನೂ ಬಂದಿರಲಿಲ್ಲ. ಆದರೂ ಪುಟಗಳು ಒಮ್ಮೆ ಬಂದು ಹೋದರೆ ಮಿಷನ್ ಬಿಸಿಯಾಗಿರುತ್ತದೆ, ಆಮೇಲೆ ಸರಸರನೆ ಬರುತ್ತವೆ ಎಂದರು. ನಾನು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಮನೆಯಲ್ಲಿ ಹಬ್ಬದ ಗಡಿಬಿಡಿ.

ಫಲಿತಾಂಶ ಬಂತೆಂದು ರೇಡಿಯೋದಲ್ಲಿ ಹೇಳುತ್ತಿದ್ದಂತೆ ಗೇಟಿನ ತನಕ ಜನ. ಹುಡುಗಿ ಮೊದಲೇ ಬಂದು ಬಾಗಿಲ ಹತ್ತಿರದ ಗೂಡಿನಲ್ಲಿ ಕೂತಿದ್ದಳು. ತಂದೆ ಅವಳ ಹಿಂದೆ, ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿ ನಿಂತಿದ್ದ. ಅವಳು ನಂಬರು ಹೊಡೆದಳು. ಪುಟ ಎಷ್ಟು ಬೇಗ ಬಂತೆಂದರೆ ಉಸಿರು ಹಿಡಿಯುವುದಕ್ಕೂ ಸಮಯ ಸಿಗಲಿಲ್ಲ. ‘ಈ ಸಂಖ್ಯೆ ದಾಖಲೆಯಲ್ಲಿ ಇಲ್ಲ’ ಎಂದಿತ್ತು.

ಅವಳು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಹಾಲ್ ಟಿಕೆಟ್ಟಿನ ಜೊತೆ ತಾಳೆ ನೋಡಿ ಮತ್ತೆ ಹೊಡೆದಳು. ಅದೇ. ರಿಫ್ರೆಶ್ ಒತ್ತಿದಳು. ಅದೇ.

ಈಗಿನವರಿಗೆ ಇದು ಅಂಥ ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಆದರೆ ನಮ್ಮ ಕಾಲದವರು ಫಲಿತಾಂಶ ನೋಡಿದ್ದು ಪತ್ರಿಕೆಯಲ್ಲಿ. ಅದರಲ್ಲಿ ಪಾಸಾದವರ ನಂಬರು ಮಾತ್ರ ಬರುತ್ತಿತ್ತು. ಫೇಲಾದವರಿಗೆ ಫೇಲು ಎಂದು ಯಾರೂ ಹೇಳುತ್ತಿರಲಿಲ್ಲ, ನಂಬರು ಇರುತ್ತಿರಲಿಲ್ಲ, ಅಷ್ಟೆ. ನಂಬರು ಇಲ್ಲ ಎಂದರೆ ಏನರ್ಥ ಎಂದು ಆ ಕೋಣೆಯಲ್ಲಿದ್ದ ಹಿರಿಯರಿಗೆಲ್ಲ ಬಾಲ್ಯದಿಂದಲೇ ಗೊತ್ತಿತ್ತು. ಸುತ್ತ ನಿಂತಿದ್ದವರು ಮಾತು ತಗ್ಗಿಸಿದರು. ಯಜಮಾನರು ಕನ್ನಡಕ ತೆಗೆದು ಒರೆಸಿದರು.

ತಂದೆ ನನ್ನ ಕಡೆ ತಿರುಗಿದ. ‘ಇಲ್ಲ ಅಂತ ಅದಲ್ರಿ ಅಕ್ಕಾರ. ಮುಗೀತಲ್ರಿ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಲ್ಲು ಹಾಸುವಾಗ ಒಂದು ಚಪ್ಪಡಿ ಬಿರುಕು ಬಿಟ್ಟರೆ ಪಕ್ಕಕ್ಕಿಡುತ್ತಾರಲ್ಲ, ಅಂಥ ದನಿ. ಹುಡುಗಿ ಅಳಲಿಲ್ಲ. ರಿಫ್ರೆಶ್ ಗುಂಡಿಯನ್ನು ಒತ್ತುತ್ತಲೇ ಇದ್ದಳು. ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಪರದೆಯನ್ನೇ ನೋಡುತ್ತ ನಿಂತೆ. ಆಗಲೇ ಪುಟದ ಕೆಳಗಿನ ಮೂಲೆ ಕಣ್ಣಿಗೆ ಬಿತ್ತು. ಆ ದಿನಗಳಲ್ಲಿ ಪುಟವನ್ನು ಎಷ್ಟು ಜನ ನೋಡಿದ್ದಾರೆಂದು ತೋರಿಸುವ ಒಂದು ಸಣ್ಣ ಅಂಕಿಪಟ್ಟಿ ಇರುತ್ತಿತ್ತು, ಆಟೋ ಮೀಟರಿನ ಹಾಗೆ. ಅವಳು ಅಷ್ಟು ಸಲ ಒತ್ತಿದರೂ ಅದರ ಕೊನೆಯ ಅಂಕಿ ಕದಲುತ್ತಿರಲಿಲ್ಲ. ಇಡೀ ರಾಜ್ಯವೇ ಆ ಪುಟ ನೋಡುತ್ತಿರುವ ಹೊತ್ತು. ನನಗೆ ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ.

ತಂದೆ ಚಪ್ಪಲಿ ಮೆಟ್ಟಿಕೊಂಡ. ‘ನಡಿಯವ್ವ. ಲಾರಿ ನಮ್ಮ ಸಲುವಾಗಿ ನಿಲ್ಲಂಗಿಲ್ಲ.’

ಅವಳು ಏಳಲಿಲ್ಲ. ಹೊರಗಿನವರು ಗೂಡು ಖಾಲಿ ಮಾಡಿ ಎನ್ನತೊಡಗಿದರು. ಬೇರೆ ಗೂಡುಗಳಲ್ಲಿ ನೋಡಿದ ನಮ್ಮ ಬೀದಿಯ ಕೆಲವು ಮಕ್ಕಳು ತಮ್ಮದೂ ಇಲ್ಲವೆಂದು ಆಗಲೇ ತಲೆ ತಗ್ಗಿಸಿ ಹೊರಟುಹೋಗಿದ್ದರು. ಅಷ್ಟರಲ್ಲಿ ಪಕ್ಕದ ಗೂಡಿನಿಂದ ನಮ್ಮ ಮೂಲೆಯ ಬಟ್ಟೆ ಅಂಗಡಿಯವರ ಹೆಂಡತಿಯ ದನಿ ಬಂತು. ಆಕೆ ಫ್ರೇಜರ್ ಟೌನಿನಲ್ಲಿ ಹುಟ್ಟಿ ಬೆಳೆದವರು, ನನ್ನನ್ನು ಅಕ್ಕ ಎನ್ನುವ ಬದಲು ಆಪಾ ಎಂದು ಕರೆದು ದಖ್ಖನಿ ಬೆರೆತ ಕನ್ನಡದಲ್ಲಿ ಹರಟುವವರು. ಅವರ ಮಗ ಹಿಂದಿನ ಸಂಜೆಯೇ ನಂಬರು ಕೊಟ್ಟಿದ್ದ. ಅವನದೂ ದಾಖಲೆಯಲ್ಲಿ ಇಲ್ಲ. ಆ ಬೆಳಿಗ್ಗೆ ಶಿವಾಜಿನಗರದಿಂದ ಬಂದಿದ್ದ ತಂಗಿಯ ಮಗನ ನಂಬರನ್ನೂ ಆಗಲೇ ಹೊಡೆದಿದ್ದರು. ಅದು ಬರಲು ಬಹಳ ಹೊತ್ತು ಹಿಡಿದರೂ ಅಂಕಗಳ ಸಮೇತ ಬಂದಿತ್ತು.

‘ಕ್ಯಾ ಆಪಾ ಇದು,’ ಎಂದರು ಆಕೆ ಗೂಡಿನ ಪರದೆ ಸರಿಸಿ. ‘ನನ್ನ ಮಗ ರಾತ್ರಿಯೆಲ್ಲ ಓದ್ದ, ಇಲ್ವಂತೆ. ಇವನು ವರ್ಷವೆಲ್ಲ ಬ್ಯಾಟ್ ಹಿಡ್ಕೊಂಡಿದ್ದ, ಸೆಕೆಂಡ್ ಕ್ಲಾಸಂತೆ. ನಿಮ್ಮ ಮಿಷನ್‌ಗೆ ಕ್ರಿಕೆಟ್ ಅಂದ್ರೆ ಪಸಂದ್ ಅಂತ ಕಾಣುತ್ತೆ.’

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ರಿಫ್ರೆಶ್ ಒತ್ತಿ ಅವರ ಮಗನ ಪುಟದ ಮೂಲೆ ನೋಡಿದೆ. ಅಂಕಿ ಅಲ್ಲಿಯೂ ನಿಂತಲ್ಲೇ ನಿಂತಿತ್ತು. ತಂಗಿಯ ಮಗನ ಪುಟ ನಿಧಾನವಾಗಿ ಬಂದಿತ್ತು, ಇವರ ಮಗನದು ಮತ್ತು ಹುಡುಗಿಯದು ತಕ್ಷಣ ಬಂದಿತ್ತು. ನಿಧಾನವಾಗಿ ಬಂದದ್ದು ಹೊರಗಿನಿಂದ ಬಂದದ್ದು. ತಕ್ಷಣ ಬಂದದ್ದು ಮನೆಯೊಳಗೇ ಇಟ್ಟಿದ್ದದ್ದು. ಮುಂಜಾನೆ ಫಲಿತಾಂಶ ಇರದಿದ್ದಾಗ ತೆರೆದ ಪುಟಗಳನ್ನು ನಡುವಿನವನು ಜೋಪಾನ ಮಾಡಿಕೊಂಡು, ಅವಧಿ ಇನ್ನೂ ಮುಗಿದಿಲ್ಲವೆಂದು, ಮೂಸಿಯೂ ನೋಡದೆ ಎಲ್ಲರಿಗೂ ಬಡಿಸುತ್ತಿದ್ದ.

ಹೊರಗೆ ನೋಡಿದರೆ ತಂದೆ ಗೇಟಿನ ಹತ್ತಿರ ಆಟೋ ಮಾತಾಡಿಸುತ್ತಿದ್ದ. ಹುಡುಗಿ ಎದ್ದು ನಿಂತಿದ್ದಳು. ಸ್ವಲ್ಪ ಕೂತಿರು ಎಂದು ಅವಳ ಕೈ ಹಿಡಿದು ಕೂರಿಸಿ, ಯಜಮಾನರ ಮೇಜಿನ ಹತ್ತಿರ ಹೋದೆ. ಜನರ ಮುಂದೆ ಅವರನ್ನು ಪ್ರಶ್ನಿಸಿ ನನಗೆ ಅಭ್ಯಾಸವಿಲ್ಲ. ಬಗ್ಗಿ ಮೆಲ್ಲಗೆ ಹೇಳಿದೆ. ಆ ಪುಟ ಹಳೆಯದು, ಬೆಳಿಗ್ಗೆ ನೀವು ನೋಡಿದ್ದೇ ಈಗಲೂ ಬರುತ್ತಿದೆ ಎಂದು.

ಅವರು ಒಪ್ಪಲಿಲ್ಲ. ಆ ಹುಡುಗನ ಮಾರ್ಕ್ಸ್ ಬಂತಲ್ಲ, ಲೈನು ಸರಿಯಾಗಿಯೇ ಇದೆ, ಈಗ ಇಷ್ಟು ಜನ ಇರುವಾಗ ಪ್ರಾಕ್ಸಿಗೆ ಕೈ ಹಾಕಿದರೆ ಎಲ್ಲವೂ ನಿಂತುಹೋಗುತ್ತದೆ ಎಂದರು. ಅಂಗಡಿಯವರಿಗೆ ಫೋನ್ ಮಾಡೋಣ ಎಂದರೆ ಇರುವ ಒಂದೇ ಲೈನು ಇಂಟರ್ನೆಟ್ಟಿನಲ್ಲಿ ಸಿಕ್ಕಿತ್ತು. ಬಿಟ್ಟರೆ ಆ ದಿನ ಮತ್ತೆ ಸಿಗುವ ಭರವಸೆಯಿಲ್ಲ. ಅವರ ಕಿವಿಯ ತುದಿ ಕೆಂಪಾಗಿತ್ತು. ಅವರಿಗೂ ಒಳಗೊಳಗೇ ಹೆದರಿಕೆ ಶುರುವಾಗಿದೆ ಎಂದು ಅದರಿಂದ ತಿಳಿಯಿತು.

‘ರೀ, ಒಂದೇ ಮಾತು ಹೇಳಿ,’ ಎಂದೆ. ‘ಫ್ಯಾಕ್ಟ್ರೀಲಿ ಬಾಯ್ಲರ್ ಮೀಟರಿನ ಮುಳ್ಳು ಬೆಳಿಗ್ಗೆಯಿಂದ ಕದಲದೆ ಒಂದೇ ಕಡೆ ನಿಂತಿದ್ರೆ, ಒಳಗೆ ಪ್ರೆಶರ್ ಸರಿಯಾಗಿದೆ ಅಂತ ಬರ್ಕೋತಿದ್ರಾ?’

ಅವರು ನನ್ನ ಮುಖ ನೋಡಿದರು. ಎದ್ದು ಹೋಗಿ ಹುಡುಗಿಯ ಪರದೆಯ ಮೂಲೆಯ ಅಂಕಿ ನೋಡಿದರು. ರಿಫ್ರೆಶ್ ಒತ್ತಿದರು. ಇನ್ನೊಮ್ಮೆ ಒತ್ತಿದರು. ಹಿಂದಿರುಗಿ ಮುಖ್ಯ ಕಂಪ್ಯೂಟರಿನ ಮುಂದೆ ಕೂತರು. ಆ ಒಂದು ಕಂಪ್ಯೂಟರಿನಿಂದ ಮಾತ್ರ ನಡುವಿನವನನ್ನು ಬಿಟ್ಟು ನೇರವಾಗಿ ಹೊರಗೆ ಹೋಗಬಹುದಿತ್ತು. ಅದಕ್ಕೊಂದು ಟಿಕ್ ಗುರುತು ತೆಗೆಯಬೇಕು. ಅದು ಎಲ್ಲಿದೆ ಎಂದು ಹುಡುಕುವಾಗ ಅವರ ಬೆರಳು ಒಂದು ಮೆನುವಿನಿಂದ ಇನ್ನೊಂದಕ್ಕೆ ತಡವರಿಸುತ್ತಿತ್ತು. ಹೊರಗೆ ಆಟೋದವನು ಹಾರನ್ ಹೊಡೆದ.

ನಾನು ಗೇಟಿಗೆ ಓಡಿದೆ. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿಕೊಂಡಿತು. ತಂದೆಗೆ ಹೇಳಿದೆ, ಮಿಷನ್ನು ಹಳೆಯದನ್ನು ತೋರಿಸಿದೆ, ಮತ್ತೊಮ್ಮೆ ನೋಡುತ್ತಿದ್ದೇವೆ, ಸ್ವಲ್ಪ ಒಳಗೆ ಬನ್ನಿ ಎಂದು. ಅವನು ನಂಬಲಿಲ್ಲ. ನಾನು ಹುಡುಗಿಯ ಮೇಲಿನ ಕನಿಕರಕ್ಕೆ ಹೇಳುತ್ತಿದ್ದೇನೆ ಎಂದುಕೊಂಡ. ಆದರೂ ಮರ್ಯಾದೆಯ ಮನುಷ್ಯ. ಆಟೋದವನಿಗೆ ನಿಲ್ಲು ಎಂದು ಕೈ ಮಾಡಿ ಒಳಗೆ ಬಂದ.

ಮುಖ್ಯ ಕಂಪ್ಯೂಟರಿನಲ್ಲಿ ಹುಡುಗಿಯ ನಂಬರು ಹೊಡೆದಾಗಿತ್ತು. ಪರದೆ ಬೆಳ್ಳಗೆ ಖಾಲಿಯಾಗಿತ್ತು. ಕೆಳಗಿನ ನೀಲಿ ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಟ್ಟಿತ್ತು. ಮೋಡೆಮ್ಮಿನ ದೀಪ ಒಮ್ಮೆ ಮಿನುಗುವುದು, ಒಮ್ಮೆ ಸುಮ್ಮನಿರುವುದು. ಆ ಮೂಲ ಜಾಗದ ಬಾಗಿಲಿನಲ್ಲಿ ಅವತ್ತು ಎಷ್ಟು ಊರುಗಳ ಮಕ್ಕಳು ಸಾಲು ನಿಂತಿದ್ದರೋ. ಬಟ್ಟೆ ಅಂಗಡಿಯವರ ಹೆಂಡತಿ ಕೈಯಲ್ಲಿ ದುಪಟ್ಟದ ತುದಿ ಹಿಡಿದು ನನ್ನ ಪಕ್ಕ ಬಂದು ನಿಂತರು. ಯಜಮಾನರ ಕೈ ರಿಫ್ರೆಶ್ ಗುಂಡಿಯ ಕಡೆ ಹೋಯಿತು. ಮುಟ್ಟಬೇಡಿ ಎಂದೆ. ನಡುವೆ ಮುಟ್ಟಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗುತ್ತದೆ ಎಂದು ನನಗೆ ಹೇಗೋ ಅನ್ನಿಸಿತು.

ಮೊದಲು ತಲೆಬರಹ ಬಂತು. ಆಮೇಲೆ ಹುಡುಗಿಯ ಹೆಸರು, ತಂದೆಯ ಹೆಸರು. ಆಮೇಲೆ ವಿಷಯಗಳು, ಒಂದರ ಕೆಳಗೊಂದು. ಅವಳು ಮೇಜಿನ ಅಂಚು ಹಿಡಿದು ಓದಿದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೊನೆಯ ಸಾಲಿನಲ್ಲಿ ಪಾಸ್ ಎಂದಿತ್ತು.

ತಂದೆ ಮುಂದೆ ಬಂದ. ಅವನಿಗೆ ಕನ್ನಡ ಕೂಡಿಸಿ ಓದಲು ಬರುತ್ತಿತ್ತು, ಆದರೆ ಪರದೆ ಓದಿ ರೂಢಿಯಿರಲಿಲ್ಲ. ತನ್ನ ಹೆಸರಿನ ಮೇಲೆ ಬಹಳ ಹೊತ್ತು ಕಣ್ಣಿಟ್ಟ. ಆಮೇಲೆ ಯಜಮಾನರನ್ನು ಕೇಳಿದ, ‘ಆಗ ಇಲ್ಲ ಅಂದದ್ದೂ ಇದೇ ಮಿಷನ್ನಲ್ರಿ. ಈಗ ಅದ ಅಂತದ. ಇದು ಹಳೇದಲ್ಲ ಅನ್ನೂದು ಹ್ಯಾಂಗ್ರಿ?’

ಹಳೆಯ ಪುಟದಲ್ಲಿ ಅಂಕಗಳು ಇರಲು ಸಾಧ್ಯವೇ ಇಲ್ಲ, ಇದ್ದರೆ ಅವು ಹೊಸವೇ ಆಗಿರಬೇಕು ಎಂದು ನಾನು ಹೇಳಬಹುದಿತ್ತು. ಆದರೆ ಒಂದು ಸಲ ಸುಳ್ಳು ಹೇಳಿದ ಪರದೆಯ ಪರವಾಗಿ ಯಾರು ಏನು ಹೇಳಿದರೂ ವಕಾಲತ್ತಿನ ಹಾಗೆ ಕೇಳುತ್ತಿತ್ತು.

‘ಇನ್ನೊಮ್ಮೆ ಕೇಳ್ರಿ ಅದನ್ನ,’ ಎಂದ ಅವನು. ‘ಮತ್ತ ಇದನ್ನ ಹೇಳಿದ್ರ ನಂಬ್ತೀನಿ.’

ಕೇಳದೆ ವಿಧಿಯಿರಲಿಲ್ಲ. ಯಜಮಾನರು ನಂಬರು ಮತ್ತೆ ಹೊಡೆದರು. ಅಂಕಗಳು ಮಾಯವಾಗಿ ಪರದೆ ಬೆಳ್ಳಗಾಯಿತು. ನೀಲಿ ಪಟ್ಟಿ ಈ ಸಲ ಅರ್ಧಕ್ಕೂ ಬರಲಿಲ್ಲ. ಕಾದೆವು. ಆಟೋದವನು ಬಂದು ಬಾಗಿಲಲ್ಲಿ ಇಣುಕಿ, ಬರ್ತೀರೋ ಇಲ್ವೋ ಎಂದು ಕೇಳಿ ಹೋದ. ಕೊನೆಗೆ, ಪುಟವನ್ನು ತೋರಿಸಲಾಗುತ್ತಿಲ್ಲ ಎಂಬ ಇಂಗ್ಲಿಷಿನ ನಾಲ್ಕು ಸಾಲು ಬಂತು. ಲೈನೇ ಬಿದ್ದುಹೋಗಿತ್ತು. ಹಿಂದಿನ ಗೂಡುಗಳಿಂದ ಅಯ್ಯೋ ಎಂಬ ಸದ್ದು ಒಂದರ ಹಿಂದೊಂದು ಕೇಳಿತು. ಯಜಮಾನರು ಮತ್ತೆ ಡಯಲ್ ಮಾಡತೊಡಗಿದರು. ಎಂಗೇಜ್.

ತಂದೆ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ. ಈಗ ಹೊರಟುಬಿಡುತ್ತಾನೆ ಅಂದುಕೊಂಡೆ. ಆದರೆ ಅವನು ಮಗಳ ಕಡೆ ತಿರುಗಿದ.

‘ನೀ ಓದಿದಿಯಲ್ಲ. ಏನಿತ್ತು, ಹೇಳು.’

ಹುಡುಗಿ ಪದ್ಯ ಒಪ್ಪಿಸುವವಳ ಹಾಗೆ ಕೈ ಹಿಂದೆ ಕಟ್ಟಿ ನಿಂತಳು. ಕನ್ನಡ, ಇಂಗ್ಲಿಷ್, ಹಿಂದಿ ಎಂದು ಒಂದೊಂದರ ಅಂಕವನ್ನೂ ಹೇಳುತ್ತ ಹೋದಳು. ಇಂಗ್ಲಿಷಿನದು ಹೇಳುವಾಗ ಒಂದು ಕ್ಷಣ ನನ್ನನ್ನು ನೋಡಿದಳು. ವಿಜ್ಞಾನ, ಸಮಾಜ. ಅಲ್ಲಿಗೆ ನಿಲ್ಲಿಸಿದಳು.

‘ಲೆಕ್ಕ?’ ಎಂದ ತಂದೆ.

ತಲೆ ತಗ್ಗಿಸಿ ಹೇಳಿದಳು. ‘ಮೂವತ್ತಾರು.’

ಅವನು ಮಗಳನ್ನು ಅಡಿಯಿಂದ ಮುಡಿಯ ತನಕ ನೋಡಿದ. ಅವನ ಮೀಸೆಯ ಅಡಿಯಲ್ಲಿ ಏನೋ ಸಡಿಲವಾದ ಹಾಗೆ ಕಂಡಿತು.

‘ಸುಳ್ಳು ಹೇಳಾಕಿ ಆಗಿದ್ರ,’ ಎಂದ ನನ್ನ ಕಡೆ ತಿರುಗಿ, ‘ಮೂವತ್ತಾರು ಹೇಳ್ತಿದ್ಲೇನ್ರಿ ಅಕ್ಕಾರ? ಎಂಬತ್ತು ಹೇಳ್ತಿದ್ಲು.’

ಬಟ್ಟೆ ಅಂಗಡಿಯವರ ಹೆಂಡತಿ ಮೊದಲು ನಕ್ಕರು. ಆಮೇಲೆ ಹುಡುಗಿಗೆ ಅಳು ಬಂತು. ತಂದೆ ಅವಳ ತಲೆಯ ಮೇಲೆ ಒಮ್ಮೆ ಕೈ ಇಟ್ಟು, ಇಲ್ಲೇ ಇರು ಎಂದು ಹೇಳಿ, ಲಾರಿ ಹೊರಡುವ ಮುಂಚೆ ಟ್ರಂಕು ಇಳಿಸಬೇಕೆಂದು ಆಟೋ ಹತ್ತಿ ಟಿನ್ ಫ್ಯಾಕ್ಟರಿಯ ಕಡೆಗೆ ಹೋದ. ಯಜಮಾನರು ಡಯಲ್ ಮಾಡುವುದನ್ನು ನನಗೆ ಒಪ್ಪಿಸಿ, ಚಪ್ಪಲಿ ಮೆಟ್ಟಿ, ಬೆಳಿಗ್ಗೆ ಇಲ್ಲ ಎಂದು ಹೇಳಿಸಿಕೊಂಡು ಹೋದ ಮಕ್ಕಳ ಮನೆಗಳಿಗೆ ಬಿಸಿಲಿನಲ್ಲಿ ನಡೆದು ಹೊರಟರು.